ಲಾರಿಗಳ ಸಾಲಿನಲ್ಲಿ ನಮ್ಮ ಅಡುಗೆಮನೆ

ನನ್ನ ಹೆಂಡತಿಯ ಅಪ್ಪ ಬ್ರೇಕ್ ಇನ್ಸ್‌ಪೆಕ್ಟರ್ ಆಗಿ ರಿಟೈರ್ ಆದವರು. ಸರ್ಕಾರಿ ಕಾಗದದಲ್ಲಿ ಆ ಕೆಲಸಕ್ಕೆ ಮೋಟಾರು ವಾಹನ ನಿರೀಕ್ಷಕ ಎಂಬ ಗಂಭೀರ ಹೆಸರಿದೆ. ಉತ್ತರ ಕರ್ನಾಟಕದ ಲಾರಿ ಡ್ರೈವರುಗಳು ಮಾತ್ರ ಬ್ರೇಕ್ ಸಾಹೇಬ್ರು ಅಂತಲೇ ಕರೆಯುತ್ತಿದ್ದರು. ಮದುವೆಯ ಮಾತುಕತೆಗೆ ನಾನು ಮೊದಲ ಸಲ ಅವರ ಮನೆಗೆ ಹೋದಾಗ ಮಾವ ನನ್ನ ಮುಖ ನೋಡುವ ಮೊದಲು ನಮ್ಮ ಕಾರಿನ ಮುಂದಿನ ಟೈರು ನೋಡಿದರು. ‘ಒಂದ್ ಕಡೆ ತಿಂದೈತಿ, ಅಲೈನ್‌ಮೆಂಟ್ ಮಾಡಿಸ್ರಿ’ ಅಂದರು. ಆಮೇಲೆ ನನ್ನನ್ನು ಒಳಗೆ ಕರೆದು ಕೂರಿಸಿ ಚಹಾ ಕೊಟ್ಟರು. ನನ್ನಲ್ಲಿ ಏನೇನು ಸವೆದಿದೆ ಅಂತ ಅವತ್ತು ಅವರು ಹೇಳಲಿಲ್ಲ. ಹೇಳಿದ್ದರೆ ಅವರ ಮಗಳಿಗೆ ಉಪಕಾರವಾಗುತ್ತಿತ್ತು ಎಂದು ಅವಳು ಈಗಲೂ ಅನ್ನುತ್ತಾಳೆ.

ಆ ಮಾವ ಮೂರು ತಿಂಗಳಿಗೆ ನಮ್ಮಲ್ಲಿಗೆ, ಅಂದರೆ ಡಬ್ಲಿನ್ನಿನ ಪಶ್ಚಿಮದ ಅಂಚಿನ ಸಿಟಿವೆಸ್ಟ್‌ಗೆ ಬರುವುದು ಎಂದಾಯಿತು. ಅತ್ತೆ ಬರಲಿಲ್ಲ. ವಿಮಾನದಲ್ಲಿ ಕಾಲು ಊದಿಕೊಳ್ಳುತ್ತದೆ ಎಂದು ನೆಪ ಹೇಳಿ ಗಂಡನನ್ನು ಕಳಿಸಿಕೊಟ್ಟರು. ನಮ್ಮ ತಾಪತ್ರಯ ಬೇರೆಯೇ ಇತ್ತು. ಮಾವನಿಗೆ ಐರ್ಲೆಂಡ್ ತೋರಿಸಬೇಕು. ಅವರು ಹೋಟೆಲಿನ ಹಾಸಿಗೆಯಲ್ಲಿ ಮಲಗುವುದಿಲ್ಲ, ಜೋಳದ ರೊಟ್ಟಿ ಬಿಟ್ಟು ಎರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹಾಗಾಗಿ ಮನೆಯನ್ನೇ ಕಟ್ಟಿಕೊಂಡು ಹೋಗುವ ಮೋಟರ್‌ಹೋಮ್ ಕೊಳ್ಳೋಣ ಎಂದು ನಾನು ಹೇಳಿದೆ. ನಾನು ಕೂತು ಕೋಡ್ ಬರೆಯುವವನು. ಟೈರಿಗೆ ಗಾಳಿ ಹಾಕುವಾಗಲೂ ಯೂಟ್ಯೂಬ್ ನೋಡುತ್ತೇನೆ. ಇಂಥವನ ಬಾಯಿಂದ ಆ ಮಾತು ಬಂದದ್ದಕ್ಕೆ ಹೆಂಡತಿ ಹೆದರಬೇಕಿತ್ತು. ಅವಳು ಹೆದರಲಿಲ್ಲ, ‘ಸರಿ’ ಅಂದಳು. ಆ ‘ಸರಿ’ಯ ಜವಾಬ್ದಾರಿಯನ್ನು ಇವತ್ತಿಗೂ ಅವಳು ಹೊತ್ತುಕೊಂಡಿಲ್ಲ.

ಗಾಡಿ ಸಿಕ್ಕಿದ್ದು ಡನ್‌ಡಾಕ್‌ನಲ್ಲಿ. ಅಲ್ಲಿಂದ ಹದಿನೈದು ನಿಮಿಷ ಡ್ರೈವ್ ಮಾಡಿದರೆ ಗಡಿ, ಆಚೆಗೆ ಉತ್ತರ ಐರ್ಲೆಂಡ್. ಮಾರುತ್ತಿದ್ದವರು ಒಬ್ಬ ವಿಧವೆ. ಎಪ್ಪತ್ತು ದಾಟಿದ್ದರೂ ಬೂಟು ಹಾಕಿಕೊಂಡು ಅಂಗಳದ ಕಳೆ ಕೀಳುತ್ತಿದ್ದರು. ಹಿಂದೊಮ್ಮೆ ಬ್ರೆಡ್ ಸಾಗಿಸುತ್ತಿದ್ದ ವ್ಯಾನಿಗೆ ಅವರ ಗಂಡ ಮಂಚ, ಮೇಜು, ಒಲೆ, ಕಪಾಟು ಎಲ್ಲ ಕೂರಿಸಿ ಮನೆ ಮಾಡಿದ್ದರಂತೆ. ಆತ ಬಡಗಿ. ಕಪಾಟಿನ ಬಾಗಿಲು ಮುಚ್ಚಿದರೆ ಸದ್ದೇ ಬರುತ್ತಿರಲಿಲ್ಲ. ಒಳಗೆ ನಿಂತರೆ ನನ್ನ ತಲೆಗೂ ಸೂರಿಗೂ ನಡುವೆ ನಾಲ್ಕು ಬೆರಳು ಜಾಗ.

‘ಟೆಸ್ಟ್ ಆಗಿದೆಯಾ?’ ಎಂದು ಕೇಳಿದೆ, ಏನೋ ಗೊತ್ತಿರುವವನ ಹಾಗೆ.

‘ಆಚೆ ಕಡೆ ಇದ್ದಾಗ ಪ್ರತಿ ವರ್ಷವೂ ಪಾಸ್ ಆಗಿತ್ತು’ ಎಂದು ಆಕೆ ಬೆರಳನ್ನು ಬೆಟ್ಟಗಳ ಕಡೆ ತೋರಿಸಿದರು. ‘ಈಚೆಗೆ ತಂದು ನಂಬರ್ ಬದಲಾಯಿಸಿದ ಮೇಲೆ ಒಮ್ಮೆ ಆಗಿದೆ, ಆ ಕಾಗದ ಎಲ್ಲಿದೆಯೋ ಸಿಗುತ್ತಿಲ್ಲ. ನಮ್ಮವರು ಹೋದ ಮೇಲೆ ಮಾಡಿಸಿಲ್ಲ. ಗಾಡಿ ಗ್ರ್ಯಾಂಡ್ ಆಗಿದೆ.’

ಐರ್ಲೆಂಡಿನಲ್ಲಿ ಗ್ರ್ಯಾಂಡ್ ಎಂದರೆ ಅದ್ಭುತ ಎಂದಲ್ಲ, ಸದ್ಯಕ್ಕೆ ಬಿದ್ದುಹೋಗಿಲ್ಲ ಎಂದು. ಇದು ತಿಳಿಯಲು ನನಗೆ ಆರು ವರ್ಷ ಹಿಡಿದಿತ್ತು. ತಿಳಿದೂ ಗಾಡಿ ಕೊಂಡೆ.

ಮಾವ ಬಂದ ಮೂರನೇ ದಿನ ಗಾಡಿ ತರಲು ಎಲ್ಲರೂ ಹೋದೆವು. ಅವರು ಅದರ ಸುತ್ತ ಎರಡು ಸುತ್ತು ಬಂದರು, ಬಾಗಿಲು ಬಡಿದು ನೋಡಿದರು, ಒಳಗೆ ಹತ್ತಿ ಮೇಜಿನ ಮುಂದೆ ಕೂತು ಅಂಗೈಯಿಂದ ಮರವನ್ನು ಸವರಿದರು. ‘ಫಸ್ಟ್ ಕ್ಲಾಸ್ ಗಾಡಿರೀ ಅಳಿಯಂದಿರ’ ಎಂದು ತೀರ್ಪು ಕೊಟ್ಟರು. ಜೀವಮಾನದಲ್ಲಿ ಮೊದಲ ಸಲ ಮಾವನಿಂದ ಸರ್ಟಿಫಿಕೇಟ್ ಸಿಕ್ಕಿದ ಖುಷಿಯಲ್ಲಿ ನಾನು ಹೈವೇ ಹತ್ತಿದೆ.

ಪಕ್ಕದಲ್ಲಿ ಕೂತ ಮಾವ ಮೀಟರಿನ ಕಡೆ ಬಗ್ಗಿ ನೋಡಿದರು. ‘ಇದೇನ್ರಿ, ಬರೇ ಅರವತ್ತು? ಹಿಂದಿನವ್ರು ಬೈತಾರ, ಸ್ವಲ್ಪ ಜೋರ್ ಬಿಡ್ರಿ.’

ನಾನೂ ಬಿಟ್ಟೆ. ಎಪ್ಪತ್ತು, ಎಂಬತ್ತು. ಕಪಾಟುಗಳು ನಡುಗತೊಡಗಿದವು. ಹಿಂದಿನಿಂದ ಒಂಬತ್ತು ವರ್ಷದ ನನ್ನ ಮಗಳು ಅಪ್ಪಟ ಡಬ್ಲಿನ್ ರಾಗದಲ್ಲಿ ಕೂಗಿದಳು: ‘ಡ್ಯಾಡ್! ದಟ್ಸ್ ಮೈಲ್ಸ್!’

ಗಡಿಯಾಚೆಯ ಗಾಡಿ. ಮೀಟರಿನಲ್ಲಿ ಮೈಲಿ, ರಸ್ತೆ ಬದಿಯ ಬೋರ್ಡಿನಲ್ಲಿ ಕಿಲೋಮೀಟರ್. ಬ್ರೇಕ್ ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತು ಹುರಿದುಂಬಿಸುತ್ತಿರುವಾಗಲೇ ನಾನು ಗಂಟೆಗೆ ನೂರಾ ಇಪ್ಪತ್ತೆಂಟು ಕಿಲೋಮೀಟರ್ ವೇಗದಲ್ಲಿ ಮಂಚ, ಒಲೆ ಸಮೇತ ಹಾರುತ್ತಿದ್ದೆ. ಮಾವ ಡಬ್ಲಿನ್ ಬರುವವರೆಗೆ ಕಿಟಕಿಯಾಚೆಯ ಕುರಿಗಳನ್ನು ಬಹಳ ಆಸಕ್ತಿಯಿಂದ ನೋಡಿದರು.

ಇನ್ನು ಟೆಸ್ಟ್, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ಇಲ್ಲಿನ ಎಫ್‌ಸಿ. ನಮ್ಮ ಕಾರನ್ನು ಎಲ್ಲಿ ಟೆಸ್ಟ್ ಮಾಡಿಸುತ್ತಿದ್ದೆನೋ ಅಲ್ಲಿಗೇ ಇದನ್ನೂ ಒಯ್ದೆ. ಗೇಟಿನಲ್ಲಿದ್ದವನು ತಲೆಯೆತ್ತಿ ಗಾಡಿ ನೋಡಿದ, ತಲೆ ತಗ್ಗಿಸಿ ನನ್ನನ್ನು ನೋಡಿದ. ‘ಇದು ಕಾರಲ್ಲ’ ಅಂದ. ‘ಹೌದು, ಮೋಟರ್‌ಹೋಮ್’ ಅಂದೆ. ‘ಮೋಟರ್‌ಹೋಮ್‌ಗಳು ಲಾರಿಗಳ ಟೆಸ್ಟಿಗೆ ಹೋಗಬೇಕು. ಇಲ್ಲಿ ಕಾರು ಮಾತ್ರ.’ ಗಡಿಯಾಚೆ ಪಾಸಾದ ಹಳೇ ಕಾಗದ ತೋರಿಸಿದೆ. ಅದನ್ನು ಅವನು ಯಾರದೋ ಮದುವೆ ಕರೆಯೋಲೆ ನೋಡಿದಂತೆ ನೋಡಿ ವಾಪಸು ಕೊಟ್ಟ. ‘ಅದು ಅವರದು. ಇದು ನಮ್ಮದು.’

ಮನೆಗೆ ಬಂದು ಹೇಳಿದಾಗ ಮಾವ ನಕ್ಕರು. ‘ನಿಪ್ಪಾಣಿ ದಾಟಿದ್ರ ಹಿಂಗಽ ಆಗೂದು. ನಮ್ಮ ಕಡೆ ಎಫ್‌ಸಿ ಆದ ಗಾಡೀನೂ ಮಹಾರಾಷ್ಟ್ರದಾಗ ಅವ್ರು ಮತ್ತ ನೋಡವ್ರು, ಅವ್ರದನ್ನ ನಾವು ನೋಡವ್ರು. ನಂಬ್ಕಿ ಅನ್ನೋದು ಗಡಿ ಕಲ್ಲಿನ ತನಕಾನ. ನಾ ಇದ್ದೀನಲ್ಲ, ಬಿಡ್ರಿ, ಪಾಸ್ ಮಾಡಿಸೂಣು.’

ಲಾರಿ ಟೆಸ್ಟ್ ಕೇಂದ್ರದಲ್ಲಿ ದಿನ ಗೊತ್ತು ಮಾಡಿದೆ. ಆ ಎರಡು ವಾರ ಮಾವ ಗಾಡಿಯೊಳಗೇ ಸಂಸಾರ ಹೂಡಿದರು. ನೋಟ್‌ಬುಕ್ ಹಿಡಿದು ಬಲ್ಬು, ಹಾರ್ನು, ವೈಪರ್ ಎಲ್ಲವನ್ನೂ ನೋಡಿ ಟಿಕ್ ಹಾಕಿದರು. ಆಫೀಸಿನಿಂದ ಬಂದರೆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಮೂವರೂ ಗಾಡಿಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಅದೇ ದಿನಗಳಲ್ಲಿ ಮಾವ ಮತ್ತು ನನ್ನ ಹೆಂಡತಿ ಸೇರಿ ಒಂದು ಸುಧಾರಣೆಯನ್ನೂ ಮಾಡಿಬಿಟ್ಟರು. ಬಡಗಿ ಕೂರಿಸಿದ್ದ ಗ್ಯಾಸ್ ಒಲೆಯ ಉರಿ ಸಣ್ಣದು, ರೊಟ್ಟಿಯ ಹಂಚು ಅದರ ಮೇಲೆ ಕೂರುತ್ತಿರಲಿಲ್ಲ. ಮಾವ ಸಿಲಿಂಡರ್ ಬಂದ್ ಮಾಡಿ, ಪೈಪಿನ ಬಾಯಿ ಕಟ್ಟಿ, ಎಂಟು ಸ್ಕ್ರೂ ಬಿಚ್ಚಿ ಆ ಒಲೆಯನ್ನು ಹಿತ್ತಲಿನ ಶೆಡ್ಡಿಗೆ ಸಾಗಿಸಿದರು. ಆ ಜಾಗದಲ್ಲಿ ಜೋಳದ ಹಿಟ್ಟಿನ ಡಬ್ಬಿ ಕೂತಿತು. ರೊಟ್ಟಿಗೆಂದು ಹೊರಗಿಟ್ಟು ಉರಿಸುವ ದೊಡ್ಡ ಒಲೆಯೊಂದು ಬಂತು.

ಟೆಸ್ಟಿನ ಬೆಳಿಗ್ಗೆ ನಾವು ಸಾಲಿನಲ್ಲಿ ನಿಂತೆವು. ಮುಂದೆ ಜಲ್ಲಿ ಸಾಗಿಸುವ ಟಿಪ್ಪರ್, ಹಿಂದೆ ಹಂದಿ ಸಾಗಿಸುವ ಲಾರಿ. ನಡುವೆ ಹೂವಿನ ಪರದೆ ಹಾಕಿಕೊಂಡ ನಮ್ಮ ಅಡುಗೆಮನೆ. ಟಿಪ್ಪರ್ ಡ್ರೈವರ್ ಕೆಳಗಿಳಿದು ಬಂದು ಟೀ ಸಿಗುತ್ತದಾ ಎಂದು ಕೇಳಿದ. ತಮಾಷೆಗೆ ಕೇಳಿದನೋ ಏನೋ, ನನ್ನ ಹೆಂಡತಿ ಫ್ಲಾಸ್ಕಿನಿಂದ ಬಗ್ಗಿಸಿಕೊಟ್ಟಳು. ಶುಂಠಿ ಚಹಾ ಕುಡಿದು ಅವನ ಕಣ್ಣಲ್ಲಿ ನೀರು ಬಂತು.

ಪರೀಕ್ಷೆ ಮಾಡುವವಳು ಮೂವತ್ತರ ಆಸುಪಾಸಿನ ಹೆಂಗಸು. ಕೂದಲನ್ನು ಹಿಂದೆ ಎಳೆದು ಕಟ್ಟಿದ್ದಳು, ಕೈಯಲ್ಲಿ ಪುಟ್ಟ ಸುತ್ತಿಗೆ. ಮಾವ ಮುಂದೆ ಹೋಗಿ ತಮಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ, ತಾವೂ ಇದೇ ಇಲಾಖೆಯವರು, ಆದ್ದರಿಂದ ಜೊತೆಯಲ್ಲಿದ್ದು ಸಹಾಯ ಮಾಡುವುದಾಗಿ ಹೇಳಿದರು. ಅವಳು ನಗುತ್ತಲೇ ಗಾಜಿನ ಗೋಡೆಯ ಆಚೆಗಿನ ಕುರ್ಚಿಗಳನ್ನು ತೋರಿಸಿದಳು. ‘ನೋಡುವವರೆಲ್ಲ ಅಲ್ಲಿ.’

ಮಾವ ಕೂರಲಿಲ್ಲ. ಗಾಜಿಗೆ ಮೂಗು ಒತ್ತಿ ನಿಂತು ಮೊಮ್ಮಗಳಿಗೆ ಕಾಮೆಂಟರಿ ಕೊಡತೊಡಗಿದರು. ‘ನೋಡವ್ವಾ, ಗಾಲಿ ರೋಲರ್ ಮ್ಯಾಲ ಹತ್ತಿಸ್ಯಾಳ. ಬ್ರೇಕ್ ಎಷ್ಟ್ ಹಿಡೀತೈತಿ ಅಂತ ಮಷೀನ್ ಹೇಳ್ತೈತಿ. ನಮಗ ಮಷೀನ್ ಇರ್ಲಿಲ್ಲ, ಬಯಲಾಗ ಗಾಡಿ ಓಡಿಸಿ ಬ್ರೇಕ್ ಹಾಕ್ಸಿ, ಎದ್ದ ಧೂಳ್ ನೋಡ್ತಿದ್ವಿ.’

‘ಡಿಡ್ ಯು ಫೇಲ್ ಲೋಡ್ಸ್ ಆಫ್ ಪೀಪಲ್, ತಾತ?’

‘ಜನಾನ್ನಲ್ಲವ್ವಾ. ಗಾಡಿನ್ನ.’

ಅಷ್ಟರಲ್ಲಿ ಅವಳು ಗುಂಡಿಗಿಳಿದು ಗಾಡಿಯ ಹೊಟ್ಟೆಗೆ ಸುತ್ತಿಗೆಯಿಂದ ಬಡಿಯತೊಡಗಿದಳು. ಠಣ್, ಠಣ್, ಠಣ್, ಆಮೇಲೆ ಒಂದು ಕಡೆ ಮೆತ್ತಗೆ ಥಪ್. ಗಾಜಿನ ಈಚೆ ನನಗೆ ಅದು ಕೇಳಿಸಿತೋ ಇಲ್ಲವೋ ನೆನಪಿಲ್ಲ. ಮಾವನಿಗೆ ಕೇಳಿಸಿತು. ಅವರ ಕಾಮೆಂಟರಿ ನಿಂತುಹೋಯಿತು.

ಕೊನೆಗೆ ಅವಳು ಗಾಡಿಯೊಳಗೆ ಹತ್ತಿ ನಮ್ಮನ್ನು ಕರೆದಳು. ‘ಕಾಗದದಲ್ಲಿ ಇದು ಮೋಟರ್‌ಹೋಮ್. ಅಡುಗೆ ಎಲ್ಲಿ ಮಾಡ್ತೀರಿ?’

ಮಾವ ಹೆಮ್ಮೆಯಿಂದ ಹೊಸ ಒಲೆ ತೋರಿಸಿದರು. ಅವಳು ಬಗ್ಗಿ ಅದನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದಳು. ‘ಇದು ನನ್ನ ಕೈಗೆ ಬಂತಲ್ಲ? ಒಲೆ ಗಾಡಿಗೆ ಕೂತಿರಬೇಕು. ಇಲ್ಲದಿದ್ದರೆ ಇದು ಮಂಚ ಇರೋ ವ್ಯಾನ್ ಅಷ್ಟೇ.’

ಫೇಲ್. ಹಿಂದಿನ ಚಾಸಿಯಲ್ಲಿ ತುಕ್ಕು, ಹ್ಯಾಂಡ್‌ಬ್ರೇಕ್ ಒಂದು ಗಾಲಿಗೆ ಕಡಿಮೆ ಹಿಡಿಯುತ್ತದೆ, ಮತ್ತು ಅಡುಗೆಮನೆ ಇಲ್ಲ. ಕಾಗದ ನನ್ನ ಕೈಗೆ ಕೊಟ್ಟಳು. ಮಾವ ಅದನ್ನು ಇಸಿದುಕೊಂಡು ಓದಿ, ಮಡಚಿ ಜೇಬಿಗಿಟ್ಟುಕೊಂಡರು. ಜೀವನವಿಡೀ ಅಂಥ ಕಾಗದ ಬರೆದುಕೊಟ್ಟವರ ಕೈಗೆ ಮೊದಲ ಸಲ ಅದು ಬಂದಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಮಗಳು ‘ವಿ ಲಿವ್ ಇನ್ ಎ ವ್ಯಾನ್ ವಿತ್ ಬೆಡ್ಸ್’ ಎಂದು ಹಾಡು ಕಟ್ಟಿಕೊಂಡು ಹಾಡಿದಳು.

ಸಂಜೆ ಊಟಕ್ಕೆ ಕೂತಾಗ ಹೆಂಡತಿ ಅಪ್ಪನನ್ನು ಸಮಾಧಾನ ಮಾಡಲು ಹೊರಟಳು. ‘ಅಕಿಗೇನ್ ಗೊತ್ತು ಬಿಡಪ್ಪಾ, ಸಣ್ಣ ಹುಡುಗಿ. ಸುಮ್ನ ತಪ್ಪು ಹುಡುಕ್ಯಾಳ.’

‘ಹಂಗನಬ್ಯಾಡ’ ಅಂದರು ಮಾವ. ‘ಅಕಿದು ಖರೇ ಐತಿ. ತುಕ್ಕು ಹಿಡಿಯೂ ಜಾಗಾನ ಅದು. ಹಿಂದಿನ ಸ್ಪ್ರಿಂಗ್ ಪಾಟಾದ ಬುಡಕ್ಕ. ನಾ ನೋಡ್ಲಿಲ್ಲ.’

‘ಎರಡು ವಾರ ನೋಡಿದಿರಲ್ಲ ಮಾವ’ ಅಂದೆ. ಬಾಯಿ ಜಾರಿತು.

‘ಎಲ್ಲಾ ನೋಡೀನಿ, ಅದೊಂದ್ ನೋಡಿಲ್ಲ. ಯಾಕಂದ್ರ ಗಾಡಿ ಒಳಗ ಕುಂತಿದ್ದೆ.’ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ‘ನೌಕರಿಯೊಳಗ ಇದ್ದಾಗ ನಂದೊಂದ್ ನೇಮ ಇತ್ತು. ಟೆಸ್ಟ್ ಆಗೂತನಕ ಗಾಡಿಯಾಗ ಕೂಡ್ತಿರ್ಲಿಲ್ಲ. ಮಾಲೀಕರು ಬಾಳ ಕರೀತಿದ್ರು. ಹೊಸಾ ಸೀಟ್ ಹಾಕ್ಸೀವ್ರಿ ಸಾಹೇಬ್ರ, ಒಂದೀಟ್ ಕುಂತ್ ನೋಡ್ರಿ ಅಂತ. ಒಲ್ಲೆ ಅಂತಿದ್ದೆ. ಒಳಗ ಕುಂತ್ರ ಮನಸು ಕೂಡ್ತೈತಿ. ಮನಸು ಕುಂತ ಮ್ಯಾಲ ಕಣ್ಣಿಗೆ ತುಕ್ಕು ಕಾಣೂದಿಲ್ಲ.’

‘ಅದ್ಯಾವಾಗಿಂದ ಆ ನೇಮ?’ ಎಂದು ಮಗಳು, ಅಂದರೆ ನನ್ನ ಹೆಂಡತಿ, ಕೇಳಿದಳು.

ಮಾವ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪರಿಚಯದವರ ಮ್ಯಾಕ್ಸಿಕ್ಯಾಬ್ ಎಫ್‌ಸಿಗೆ ಬಂದಿತ್ತಂತೆ. ಮನೆಯಲ್ಲಿ ಮದುವೆ, ಬೀಗರನ್ನು ಕರೆತರಬೇಕು, ಅವಸರ. ಮಾವನನ್ನು ಒಳಗೆ ಕೂರಿಸಿ ಚಹಾ ಕೊಟ್ಟು ಮಾತಾಡಿಸಿದರು. ನಂಬಿಕಸ್ಥ ಜನ, ಚಂದದ ಗಾಡಿ. ಮಾವ ಕೂತಲ್ಲೇ ಸಹಿ ಹಾಕಿದರು. ಬೀಗರನ್ನು ಇಳಿಸಿ ಖಾಲಿ ಬರುವಾಗ ಘಾಟಿನಲ್ಲಿ ಬ್ರೇಕ್ ಹೋಯಿತು. ಡ್ರೈವರ್ ಗಾಡಿಯನ್ನು ದಿಬ್ಬಕ್ಕೆ ಗುದ್ದಿಸಿ ಜೀವ ಉಳಿಸಿಕೊಂಡ, ಕಾಲು ಮುರಿಯಿತು.

‘ಯಾರೂ ನನಗ ಒಂದ್ ಮಾತು ಅನ್ಲಿಲ್ಲ’ ಅಂದರು. ‘ಆ ಡ್ರೈವರ್‌ನೂ ಅನ್ಲಿಲ್ಲ. ನಿಮ್ಮವ್ವಗಷ್ಟ ಹೇಳಿದ್ದೆ. ಅವನ ಕಾಲು ನೆಟ್ಟಗಾಗೂತನಕ ಅಕಿ ಅವರ ಮನೀಗಿ ದಿನಾ ಬುತ್ತಿ ಕಳಿಸಿದ್ಲು.’

ನನ್ನ ಹೆಂಡತಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಅವಳು ಅಪ್ಪನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅವರು ಬೇಡ ಅನ್ನಲಿಲ್ಲ. ಅಪ್ಪನ ಬಗ್ಗೆ ಅಷ್ಟು ವರ್ಷ ತಾನು ಮಾಡಿದ ಗೇಲಿಗಳನ್ನೆಲ್ಲ ಅವಳು ಲೆಕ್ಕ ಹಾಕುತ್ತಿದ್ದಳು ಎಂದು ನನಗನ್ನಿಸಿತು. ನಾನಂತೂ ನನ್ನವನ್ನು ಹಾಕುತ್ತಿದ್ದೆ.

ನಮ್ಮ ಪಕ್ಕದ ಊರು ಟಾಲಾದ ಹೊರವಲಯದಲ್ಲಿ ಒಬ್ಬ ವೆಲ್ಡರ್ ಸಿಕ್ಕ. ಅವನು ತುಕ್ಕು ಹಿಡಿದ ಭಾಗ ಕತ್ತರಿಸಿ ಹೊಸ ಕಬ್ಬಿಣ ಕೂರಿಸುವವರೆಗೆ ಮಾವ ಪಕ್ಕದಲ್ಲೇ ನಿಂತಿದ್ದರು. ಈ ಸಲ ಗಾಡಿಯ ಒಳಗೆ ಹತ್ತಲಿಲ್ಲ, ಮಳೆ ಬಂದರೂ ಹತ್ತಲಿಲ್ಲ. ಹ್ಯಾಂಡ್‌ಬ್ರೇಕಿನ ಕೇಬಲ್ ಬದಲಾಯಿತು. ಶೆಡ್ಡಿನಿಂದ ಬಡಗಿಯ ಒಲೆ ಬಂದು ಅದೇ ಎಂಟು ಸ್ಕ್ರೂಗಳಲ್ಲಿ ಕೂತಿತು. ಗ್ಯಾಸ್ ಪೈಪಿನ ಕೆಲಸಕ್ಕೆ ಅದನ್ನು ಬಲ್ಲವನನ್ನೇ ಕರೆಸಿ, ‘ನನಗ ಗೊತ್ತೈತಿ ಅಂತ ನಾನ ಮಾಡಿದ್ರ ಮತ್ತ ಅದಽ ಆತು’ ಎಂದರು.

ಮರುಪರೀಕ್ಷೆಯ ದಿನ ಹೆಂಡತಿ ಒಂದು ಡಬ್ಬಿ ಶೇಂಗಾ ಉಂಡಿ ಕಟ್ಟಿಕೊಂಡಳು, ಆ ಇನ್ಸ್‌ಪೆಕ್ಟರ್ ಹುಡುಗಿಗೆ ಕೊಡಲು. ಕೇಂದ್ರದ ಗೇಟಿನಲ್ಲಿ ಅದನ್ನು ಕಂಡು ಮಾವನಿಗೆ ಜ್ವರ ಬಂದಂತಾಯಿತು. ‘ಒಳಗ ಇಡು! ಮೊದ್ಲ ಇಡು! ರಿಸಲ್ಟ್ ಬರೂತನಕ ಅದರ ಮುಚ್ಚಳಾ ಸುದ್ದಾ ತೆಗೀಬ್ಯಾಡ!’

ಸುತ್ತಿಗೆ ಮತ್ತೆ ಬಡಿಯಿತು. ಈ ಸಲ ಎಲ್ಲ ಕಡೆಯೂ ಠಣ್. ಅವಳು ಒಳಗೆ ಹತ್ತಿ ಒಲೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದಳು. ಅದು ಬರಲಿಲ್ಲ. ಪಾಸ್ ಕಾಗದ ಕೈಗೆ ಬಂದ ಮೇಲೆ ಮಾವನೇ ಡಬ್ಬಿ ತೆಗೆದುಕೊಂಡು ಅವಳ ಬಳಿ ಹೋದರು. ಅವಳು ಉಂಡಿಯ ವಾಸನೆ ನೋಡಿ, ಆಸೆಯಿಂದಲೇ ತಲೆ ಅಲ್ಲಾಡಿಸಿ, ಕೆಲಸದ ಜಾಗದಲ್ಲಿ ಏನನ್ನೂ ತೆಗೆದುಕೊಳ್ಳುವಂತಿಲ್ಲ ಎಂದಳು.

ಮಾವ ಡಬ್ಬಿ ಎದೆಗವಚಿಕೊಂಡು ಓಡೋಡಿ ಬಂದರು. ‘ಒಲ್ಲೆ ಅಂದ್ಲು! ಕೇಳಿದ್ರೇನು? ಒಲ್ಲೆ ಅಂದ್ಲು!’ ಮಗಳ ಮದುವೆಯ ದಿನವೂ ನಾನು ಆ ಮುಖದಲ್ಲಿ ಅಷ್ಟು ಆನಂದ ನೋಡಿರಲಿಲ್ಲ. ನೋಡಿರಲಿಲ್ಲ ಎಂಬುದನ್ನು ಆ ಕ್ಷಣ ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅಂತೂ ಪ್ರವಾಸ ಹೊರಟೆವು. ಪಶ್ಚಿಮ ತೀರದಲ್ಲಿ ಸಮುದ್ರಕ್ಕೆ ಮುಖಮಾಡಿದ ಕ್ಯಾಂಪಿನಲ್ಲಿ ಗಾಡಿ ನಿಲ್ಲಿಸಿ ಮೂರು ದಿನ ಉಳಿದೆವು. ಎರಡು ದಿನ ಮಳೆ ಅಡ್ಡಡ್ಡ ಸುರಿಯಿತು. ಮಾವನಿಗೆ ಬೇಸರವಾಗಲೇ ಇಲ್ಲ. ಅಕ್ಕಪಕ್ಕದಲ್ಲಿ ಹತ್ತು ಹನ್ನೆರಡು ಮೋಟರ್‌ಹೋಮ್ ನಿಂತಿದ್ದವು. ಕೊಡೆ ಹಿಡಿದು ಒಂದೊಂದರ ಮುಂದೆಯೂ ನಿಂತು ಮಾತಿಗೆ ತೊಡಗಿದರು. ಪಕ್ಕದಲ್ಲಿ ಜರ್ಮನಿಯಿಂದ ಬಂದ ಗಂಡ ಹೆಂಡತಿ. ಅವರಲ್ಲಿ ಗಾಡಿಗೆ ಒಂದು ಪರೀಕ್ಷೆ, ಅದರೊಳಗಿನ ಗ್ಯಾಸಿಗೆ ಬೇರೆಯದೇ ಪರೀಕ್ಷೆ, ಅದಕ್ಕೊಂದು ಹಳದಿ ಪುಸ್ತಕ. ಮಾವ ಆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಪುಟ ಪುಟ ನೋಡಿದರು. ಒಂದಕ್ಷರ ಜರ್ಮನ್ ಬರದಿದ್ದರೂ ಸೀಲುಗಳೆಲ್ಲ ಅರ್ಥವಾದವು.

ಅದರಾಚೆ ಗಡಿಯಾಚೆಯ ಒಬ್ಬ ನಿವೃತ್ತ ಮೇಷ್ಟ್ರು, ಒಂಟಿಯಾಗಿ ತಿರುಗುತ್ತಿದ್ದವರು. ಅವರಲ್ಲಿ ಮೋಟರ್‌ಹೋಮ್ ಕಾರುಗಳ ಜೊತೆಯಲ್ಲೇ ಸಾಲಿನಲ್ಲಿ ನಿಲ್ಲುತ್ತದಂತೆ. ‘ಕಾರಾ, ಲಾರಿಯಾ, ಮನೆಯಾ? ಒಂದೇ ಗಾಡಿ, ಎಲ್ಲಿ ನಿಲ್ಲಿಸಿದ್ದೀರಿ ಅನ್ನೋದರ ಮೇಲೆ ಹೋಗುತ್ತೆ’ ಎಂದು ಅವರು ನಕ್ಕರು. ಹೋದ ತಿಂಗಳಷ್ಟೇ ಪಾಸಾದ ಕಾಗದವನ್ನೂ ತೋರಿಸಿದರು. ಮಾವ ಕಾಗದ ನೋಡಿ ಮೆಚ್ಚಿ, ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಹಿಂದಿನ ಟೈರಿನ ಒಳಮುಖಕ್ಕೆ ಕೈ ಹಾಕಿದರು. ರಬ್ಬರ್ ಸೀಳು ಬಿಟ್ಟಿತ್ತು, ಬೆರಳಿನ ಉಗುರು ಹೋಗುವಷ್ಟು. ರಸ್ತೆಯ ಕಲ್ಲಿಗೋ ಯಾವುದೋ ಅಂಚಿಗೋ ಉಜ್ಜಿ ಹೊಸದಾಗಿ ಆದದ್ದು.

‘ಟೆಸ್ಟ್ ಮಾಡಿದವ್ರ ತಪ್ಪಲ್ಲ’ ಎಂದು ಮಾವ ನನ್ನ ಮೂಲಕ ಹೇಳಿಸಿದರು. ‘ಕಾಗದ ಅವತ್ತಿಂದು. ಟೈರು ಇವತ್ತಿಂದು. ಇದರ ಮ್ಯಾಲ ಬೆಟ್ಟಾ ಇಳೀಬ್ಯಾಡ್ರಿ ಅಂತ ಹೇಳ್ರಿ.’

ಮೇಷ್ಟ್ರು ತಾವೂ ಕೈ ಹಾಕಿ ನೋಡಿದರು. ಮರುದಿನ ಪಟ್ಟಣದಿಂದ ಟೈರಿನವನು ಬರುವವರೆಗೆ ಗಾಡಿ ಅಲ್ಲಾಡಿಸಲಿಲ್ಲ. ಅಷ್ಟರಲ್ಲಿ ಸುದ್ದಿ ಹರಡಿತು. ಊಟದ ಹೊತ್ತಿಗೆ ನಮ್ಮ ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದರು, ಒಮ್ಮೆ ತಮ್ಮದನ್ನೂ ನೋಡುತ್ತೀರಾ ಎಂದು. ಮಾವ ಟಾರ್ಚ್ ಹಿಡಿದು ಹೊರಟೇಬಿಟ್ಟರು. ನಾನು ಹಿಂದೆ ಹಿಂದೆ ದುಭಾಷಿ. ನನ್ನ ಇಂಗ್ಲಿಷಿನಲ್ಲಿ ಪಾಟಾಕ್ಕೆ, ಅದರ ಗುಟಕಾ ಎಂಬ ರಬ್ಬರ್ ತುಂಡಿಗೆ ಪದಗಳೇ ಇರಲಿಲ್ಲ. ಬೆರಳು ತೋರಿಸಿ ಮುಖ ಕಿವುಚುವುದರಲ್ಲಿ ಕೆಲಸ ನಡೆಯಿತು.

ಮೂರನೆಯ ದಿನ ಬಿಸಿಲು ಬಿತ್ತು. ಮಗಳು ತಾತನನ್ನು ಎರಡು ವ್ಯಾನುಗಳ ನಡುವಿನಿಂದ ಎಳೆದುಕೊಂಡು ಸಮುದ್ರಕ್ಕೆ ಹೋದಳು. ಮಾವ ಪ್ಯಾಂಟನ್ನು ಮಂಡಿಯ ತನಕ ಮಡಚಿ, ಜೇಬಿನಲ್ಲಿದ್ದ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು, ನೀರಿಗಿಳಿದರು. ‘ಯಪ್ಪಾ! ಬರ್ಫ ಐತೆಲ್ಲ!’ ಎಂದು ಕೂಗಿ ಹಿಂದಕ್ಕೆ ಜಿಗಿದರು. ಮಗಳು ನಕ್ಕು ನಕ್ಕು ಮರಳಿನ ಮೇಲೆ ಕೂತಳು. ಅವರು ಅವಳ ಕೈ ಹಿಡಿದೆಬ್ಬಿಸಿ, ಎರಡನೇ ಸಲ, ಅಲೆ ಬಂದು ಹೋಗುವುದನ್ನು ನೋಡಿ, ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಹೋದರು. ಮೇಲೆ ಕ್ಯಾಂಪಿನ ಗೇಟಿನಲ್ಲಿ ಯಾರೋ ಹೊಸಬರ ಗಾಡಿ ಬಂದು ನಿಂತ ಸದ್ದಾಯಿತು. ಮಾವ ತಿರುಗಿ ನೋಡಲಿಲ್ಲ. ಹೆಂಡತಿ ಚಪ್ಪಲಿ ಬಿಟ್ಟು ಅವರ ಹಿಂದೆ ನೀರಿಗಿಳಿದಳು.